ಬ್ರೌಸರಿನೊಳಗೆ ಸರ್ವರಿನ ಟರ್ಮಿನಲ್: ಒಳಗಿನಿಂದ ಹೊರಕ್ಕೆ ಕಟ್ಟುವ ಕ್ರಮ

ಬದಿಯಡ್ಕದ ಸಮೀಪದ ಸಣ್ಣ ಗ್ರಂಥಾಲಯವೊಂದರಲ್ಲಿ, ಪತ್ರಿಕೆಗಳ ಕಪಾಟಿನ ಹಿಂದೆ, ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಉಬುಂಟು ಸರ್ವರ್ ಹೊತ್ತುಕೊಂಡು ಹಗಲಿರುಳು ಓಡುತ್ತಿದೆ. ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಹಳೆಯ ಸಂಚಿಕೆಗಳು ಎಲ್ಲವೂ ಅದರಲ್ಲಿವೆ. ಅದನ್ನು ನೋಡಿಕೊಳ್ಳುವವನು ನಾನು. ನನ್ನ ಉದ್ಯೋಗವಾದರೋ ತಲಪಾಡಿಯ ಗಡಿಯಾಚೆ, ಮಂಗಳೂರಿನಲ್ಲಿ. ಏನಾದರೂ ಕೆಟ್ಟಾಗ ಬಸ್ಸು ಹತ್ತಿ ಬರುವಂತಿಲ್ಲ. ದೂರದ ಯಂತ್ರಕ್ಕೆ ಆಜ್ಞೆ ಕೊಡುವ ಭದ್ರ ಸಂಪರ್ಕವಾದ ಎಸ್‌ಎಸ್‌ಎಚ್ ಇದೆಯಲ್ಲ ಎಂದರೆ, ನಾನಿರುವ ಜಾಲಗಳಲ್ಲಿ ಅದರ 22ನೇ ಪೋರ್ಟ್ (ಸಂಪರ್ಕದ ದ್ವಾರಸಂಖ್ಯೆ) ಅನೇಕ ಕಡೆ ಮುಚ್ಚಿರುತ್ತದೆ, ಕೈಯಲ್ಲಿರುವ ಉಪಕರಣದಲ್ಲಿ ಎಸ್‌ಎಸ್‌ಎಚ್ ತಂತ್ರಾಂಶವೂ ಇರುವುದಿಲ್ಲ. ಬ್ರೌಸರ್ ಮಾತ್ರ ಎಲ್ಲ ಕಡೆಯೂ ಇರುತ್ತದೆ, ಮತ್ತು ಅದು ಬಳಸುವ 443ನೇ ಪೋರ್ಟನ್ನು ಮುಚ್ಚಿದರೆ ಇಂಟರ್ನೆಟ್ಟೇ ನಿಂತಂತಾಗುತ್ತದೆ. ಆದ್ದರಿಂದ ಸರ್ವರಿನ ಟರ್ಮಿನಲನ್ನು, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಪರದೆಯನ್ನು, ಬ್ರೌಸರಿನಲ್ಲಿಯೇ ತೆರೆಯುವ ವ್ಯವಸ್ಥೆ ಮಾಡಿಕೊಂಡೆ. ಅದನ್ನು ಕಟ್ಟಿದ ಕ್ರಮವನ್ನು, ಅದರಲ್ಲಿ ಎಡವಿದ ಜಾಗಗಳ ಸಹಿತ, ಇಲ್ಲಿ ವಿವರಿಸುತ್ತೇನೆ.

ಓದುಗರಿಗೆ ಲಿನಕ್ಸಿನ ಆಜ್ಞಾಸಾಲು ತಕ್ಕಮಟ್ಟಿಗೆ ಪರಿಚಯವಿದೆ ಎಂದು ಭಾವಿಸಿದ್ದೇನೆ. ನಮ್ಮ ಕಾಸರಗೋಡಿನ ಮಟ್ಟಿಗೆ ಇದು ದೊಡ್ಡ ನಿರೀಕ್ಷೆಯೇನಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ, ಶಾಲಾ ತಂತ್ರಜ್ಞಾನವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸನ್ನೇ ಬಳಸುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೂ ಆ ಕಪ್ಪು ಪರದೆ ಹೊಸತಲ್ಲ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ.

ಒಳಗೆ ನಡೆಯುವ ಕೆಲಸ ಸರಳವಾದುದು. ಸರ್ವರಿನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಕೃತಕ ಟರ್ಮಿನಲೊಂದನ್ನು ತೆರೆದು, ಅದರ ಒಳಹರಿವು ಮತ್ತು ಹೊರಹರಿವುಗಳನ್ನು ವೆಬ್‌ಸಾಕೆಟ್ ಎಂಬ ಸಂಪರ್ಕದ ಮೂಲಕ ಬ್ರೌಸರಿಗೆ ಸಾಗಿಸುತ್ತದೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟಿನ ಸಿದ್ಧ ಕೋಡಿನ ಸಂಗ್ರಹವೊಂದು, ಸಾಮಾನ್ಯವಾಗಿ ಎಕ್ಸ್‌ಟರ್ಮ್ ಜೆಎಸ್, ಅದನ್ನು ಪರದೆಯ ಮೇಲೆ ಬಿಡಿಸುತ್ತದೆ. ಸಾಮಾನ್ಯ ವೆಬ್ ಸಂಪರ್ಕದಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಮಾತು ಮುಗಿಯಿತು. 2011ರಲ್ಲಿ ಪ್ರಮಾಣೀಕೃತವಾದ ವೆಬ್‌ಸಾಕೆಟ್‌ನಲ್ಲಿ ಮಾತ್ರ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತನಾಡಬಹುದಾದಂತೆ ಹಾದಿ ತೆರೆದೇ ಇರುತ್ತದೆ. ಇದನ್ನು ನೆನಪಿಟ್ಟುಕೊಂಡರೆ, ಮುಂದೆ ಬರುವ ತೊಂದರೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಅರ್ಥವಾಗುತ್ತವೆ.

ಟರ್ಮಿನಲ್ ಎಂದರೆ ಇಡೀ ಯಂತ್ರದ ಬೀಗದ ಕೈ. ಅಂತರ್ಜಾಲದಲ್ಲಿರುವ ಎಷ್ಟೋ ಮಾರ್ಗದರ್ಶಿಗಳು ಮೊದಲು ಟರ್ಮಿನಲನ್ನು ಲೋಕಕ್ಕೆ ತೆರೆದು ತೋರಿಸಿ, ‘ಇನ್ನು ಭದ್ರತೆಯನ್ನು ಸೇರಿಸೋಣ’ ಎನ್ನುತ್ತವೆ. ನನ್ನ ಪ್ರಕಾರ ಕ್ರಮ ಇದಕ್ಕೆ ವಿರುದ್ಧವಾಗಿರಬೇಕು: ಒಳಗಿನದನ್ನು ಒಳಗೇ ಮುಚ್ಚಿಟ್ಟು ಪರೀಕ್ಷಿಸಿ, ಬೀಗಗಳನ್ನೆಲ್ಲ ಹಾಕಿ, ಹೊರಬಾಗಿಲನ್ನು ಕಟ್ಟಕಡೆಗೆ ತೆರೆಯಬೇಕು.

ಯಾವ ತಂತ್ರಾಂಶ?

ಸರ್ವರಿಗೆ ಸ್ವಂತ ಸಾರ್ವಜನಿಕ ವಿಳಾಸವಿದ್ದು, ಟರ್ಮಿನಲಿನೊಂದಿಗೆ ಡಿಸ್ಕ್, ಸೇವೆಗಳು, ಅಪ್‌ಡೇಟುಗಳು ಎಲ್ಲವನ್ನೂ ಒಂದೇ ಪುಟದಲ್ಲಿ ನೋಡಬೇಕೆನ್ನುವವರಿಗೆ ಕಾಕ್‌ಪಿಟ್ ಅನುಕೂಲ. ಅದು 9090ನೇ ಪೋರ್ಟಿನಲ್ಲಿ ಕುಳಿತು ಯಂತ್ರದ ಬಳಕೆದಾರರ ಖಾತೆಗಳಿಂದಲೇ ಲಾಗಿನ್ ಪಡೆಯುತ್ತದೆ. ಹಲವು ಯಂತ್ರಗಳಿದ್ದು, ಕೆಲವಕ್ಕೆ ಚಿತ್ರರೂಪದ ಡೆಸ್ಕ್‌ಟಾಪ್ ಕೂಡ ಬೇಕಾದಲ್ಲಿ ಅಪಾಚೆ ಗ್ವಾಕಮೋಲೆ ಇದೆ, ಆದರೆ ಒಂದು ಗ್ರಂಥಾಲಯದ ಯಂತ್ರಕ್ಕೆ ಅದು ತೀರಾ ಭಾರವಾಯಿತು. ಶೆಲ್ ಇನ್ ಎ ಬಾಕ್ಸ್ ಎಂಬ ಹಳೆಯ ತಂತ್ರಾಂಶವನ್ನು ಈಗ ಹೊಸದಾಗಿ ಹಾಕಿಕೊಳ್ಳಲು ಕಾರಣವಿಲ್ಲ. ನಾನು ಆರಿಸಿದ್ದು ಟಿಟಿವೈಡಿ. ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮ್ ಅದು. ಹಳೆಯ ಯಂತ್ರಕ್ಕೂ ಹೊರೆಯಾಗುವುದಿಲ್ಲ, ಒಂದು ಕೆಲಸವನ್ನಷ್ಟೇ ಮಾಡುತ್ತದೆ.

ಮೊದಲ ಹಂತ: ಒಳಗೇ ಓಡಿಸುವುದು

ಉಬುಂಟುವಿನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಟಿಟಿವೈಡಿ’ ಎಂದರೆ ಸಾಕು, ಪ್ರೋಗ್ರಾಮಿನ ಜತೆಗೆ, ಅದನ್ನು ತಾನಾಗಿ ಎಬ್ಬಿಸುವ ಸಿಸ್ಟಮ್‌ಡಿ ಸೇವೆಯೂ ಬರುತ್ತದೆ. ಅದರ ಆಯ್ಕೆಗಳು ಇಟಿಸಿ, ಡಿಫಾಲ್ಟ್ ಎಂಬ ಕಡತಕೋಶದೊಳಗಿನ ಟಿಟಿವೈಡಿ ಎಂಬ ಕಡತದಲ್ಲಿರುತ್ತವೆ. ಆ ಕಡತದ ಆಯ್ಕೆಗಳ ಸಾಲಿನಲ್ಲಿ ಡ್ಯಾಶ್ ಐ ಎಲ್‌ಒ, ಡ್ಯಾಶ್ ಪಿ 7681, ಡ್ಯಾಶ್ ದೊಡ್ಡ ಓ, ಕೊನೆಗೆ ಲಾಗಿನ್ ಎಂಬ ನಾಲ್ಕು ಸಂಗತಿಗಳು ಇರುವಂತೆ ನೋಡಿಕೊಳ್ಳಬೇಕು.

ಈ ನಾಲ್ಕರಲ್ಲಿ ಮೊದಲನೆಯದೇ ಮುಖ್ಯ. ಎಲ್‌ಒ ಎಂದರೆ ಲೂಪ್‌ಬ್ಯಾಕ್, ಅಂದರೆ ಯಂತ್ರವು ತನ್ನೊಂದಿಗೆ ತಾನು ಮಾತನಾಡುವ 127.0.0.1 ಎಂಬ ವಿಳಾಸ. ಇದನ್ನು ಹೇಳದೆ ಬಿಟ್ಟರೆ ಟಿಟಿವೈಡಿ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಕಿವಿಗೊಟ್ಟು, ಗ್ರಂಥಾಲಯದ ವೈಫೈಗೆ ಸೇರಿದ ಯಾವ ಮೊಬೈಲಿಗಾದರೂ ತೆರೆದುಕೊಳ್ಳುತ್ತದೆ. ಎರಡನೆಯದು ಪೋರ್ಟ್ ಸಂಖ್ಯೆ. 7681 ಎಂಬುದು ಅದರ ಸಹಜ ಸಂಖ್ಯೆಯೇ ಆಗಿದೆ. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಜಾಲತಾಣದ ಪುಟವು ಇನ್ನೊಂದರ ಮಾಹಿತಿಯನ್ನು ಓದದಂತೆ ಬ್ರೌಸರುಗಳು ಹಾಕಿರುವ ಕಟ್ಟುಪಾಡು ವೆಬ್‌ಸಾಕೆಟಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನೀವು ಬೇರೊಂದು ಟ್ಯಾಬಿನಲ್ಲಿ ತೆರೆದ ಕೆಟ್ಟ ಪುಟವೊಂದು ನಿಮ್ಮ ಬ್ರೌಸರಿನ ಮೂಲಕವೇ ನಿಮ್ಮ ಟರ್ಮಿನಲಿಗೆ ಸಂಪರ್ಕ ಬೆಳೆಸಲು ಯತ್ನಿಸಬಹುದು. ಕೋರಿಕೆಯ ಮೂಲ ಯಾವುದೆಂದು ತಾಳೆನೋಡಿ ಹೊರಗಿನದನ್ನು ತಿರಸ್ಕರಿಸುವುದೇ ದೊಡ್ಡ ಓ ಮಾಡುವ ಕೆಲಸ. ನಾಲ್ಕನೆಯದರಿಂದ, ಪುಟ ತೆರೆದವರಿಗೆ ನೇರವಾಗಿ ಶೆಲ್ (ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮ್) ಸಿಗದೆ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಲಿನಕ್ಸಿನ ಮಾಮೂಲು ಲಾಗಿನ್ ಎದುರಾಗುತ್ತದೆ.

ಇಲ್ಲಿ ಆವೃತ್ತಿಯ ತೊಡಕೊಂದಿದೆ. 1.7.4ರಿಂದ ಮುಂದಿನ ಟಿಟಿವೈಡಿ, ಬೇರೆ ಹೇಳದಿದ್ದರೆ, ನೋಡಲು ಮಾತ್ರ ಬಿಡುತ್ತದೆ. ಟೈಪ್ ಮಾಡಿದ್ದು ಒಳಗೆ ಹೋಗಬೇಕಾದರೆ ಡ್ಯಾಶ್ ದೊಡ್ಡ ಡಬ್ಲ್ಯೂ ಕೂಡ ಸೇರಿಸಬೇಕು. ಲಾಗಿನ್ ಸಾಲು ಕಾಣುತ್ತಿದ್ದರೂ ಅಕ್ಷರ ಮೂಡದಿದ್ದರೆ ಕೀಲಿಮಣೆಯನ್ನು ಬೈಯುವ ಮೊದಲು ಇದನ್ನು ನೋಡಿರಿ.

ಸೇವೆಯನ್ನು ಮರುಆರಂಭಿಸಿದ ಬಳಿಕ ‘ಸುಡೋ ಎಸ್‌ಎಸ್ ಡ್ಯಾಶ್ ಟಿಎಲ್‌ಎನ್‌ಪಿ’ ಎಂಬ ಆಜ್ಞೆ ಕೊಟ್ಟು, 7681ರ ಎದುರು 127.0.0.1 ಎಂದೇ ಇದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಅಲ್ಲಿ 0.0.0.0 ಎಂದೋ ನಕ್ಷತ್ರ ಚಿಹ್ನೆಯೋ ಕಂಡರೆ ಮುಂದಿನ ಹಂತಕ್ಕೆ ಹೋಗಲೇಬಾರದು.

ಎರಡನೆಯ ಹಂತ: ಸುರಂಗ

ನಮ್ಮ ಕಡೆಯ ಹೆಚ್ಚಿನ ಮನೆ, ಸಂಸ್ಥೆಗಳ ಫೈಬರ್ ಸಂಪರ್ಕಗಳಲ್ಲಿ ಸ್ವಂತ ಸಾರ್ವಜನಿಕ ವಿಳಾಸ ಇರುವುದಿಲ್ಲ. ಅನೇಕ ಗ್ರಾಹಕರಿಗೆ ಒಂದೇ ಹೊರವಿಳಾಸವನ್ನು ಹಂಚಿರುತ್ತಾರೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸವೆಂದು ತೋರುವುದು 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನಿಮ್ಮದೂ ಹಾಗೆಯೇ ಎಂದು ತಿಳಿಯಬಹುದು. ಅಂಥಲ್ಲಿ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಬರಲಾರರು.

ಇದಕ್ಕೆ ಉಪಾಯ, ಒಳಗಿನಿಂದಲೇ ಹೊರಕ್ಕೆ ದಾರಿ ಕೊರೆಯುವುದು. ಎಣ್ಮಕಜೆ, ಬಾಯಾರು ಕಡೆಯವರಿಗೆ ಸುರಂಗವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹೊರಗೆ ಹರಿದು ಬರುವಂತೆ ಇಳಿಜಾರು ಕೊಟ್ಟಿರುತ್ತಾರೆ. ಎಸ್‌ಎಸ್‌ಎಚ್‌ನವರು ಹೇಳುವ ಸುರಂಗವನ್ನು ಕೊರೆಯುವುದು ಒಳಗಿನ ತುದಿಯಿಂದ ಎಂಬುದಷ್ಟೇ ವ್ಯತ್ಯಾಸ. ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಸರ್ವರನ್ನು, ಅಂದರೆ ವಿಪಿಎಸ್ ಅನ್ನು, ಪಡೆದು, ಗ್ರಂಥಾಲಯದ ಯಂತ್ರದಿಂದ ಅದಕ್ಕೆ ಸಂಪರ್ಕ ಕಲ್ಪಿಸಿ, ‘ನಿನ್ನ 7681ಕ್ಕೆ ಬಂದದ್ದನ್ನು ನನ್ನ 7681ಕ್ಕೆ ಕಳುಹಿಸು’ ಎಂದು ಹೇಳಬೇಕು. ಆಜ್ಞೆಯಲ್ಲಿ ಎಸ್‌ಎಸ್‌ಎಚ್ ಎಂದ ಬಳಿಕ ಡ್ಯಾಶ್ ದೊಡ್ಡ ಎನ್, ಆಮೇಲೆ ಡ್ಯಾಶ್ ದೊಡ್ಡ ಆರ್, ಅದರ ಮುಂದೆ 7681:127.0.0.1:7681, ಕೊನೆಗೆ ಬಾಡಿಗೆ ಸರ್ವರಿನ ಬಳಕೆದಾರ ಮತ್ತು ವಿಳಾಸ ಬರಬೇಕು. ಎಸ್‌ಎಸ್‌ಎಚ್ ಸರ್ವರಿನ ಸಹಜ ಸ್ಥಿತಿಯಲ್ಲಿ ಹೀಗೆ ತೆರೆದ ಪೋರ್ಟ್ ಬಾಡಿಗೆ ಸರ್ವರಿನ ಲೂಪ್‌ಬ್ಯಾಕಿಗಷ್ಟೇ ಅಂಟಿಕೊಳ್ಳುತ್ತದೆ; ಗೇಟ್‌ವೇ ಪೋರ್ಟ್ಸ್ ಎಂಬ ಆಯ್ಕೆಯನ್ನು ಮುಟ್ಟದಿದ್ದರೆ ಸುರಂಗದ ಆ ಬಾಯಿಯೂ ಲೋಕಕ್ಕೆ ಕಾಣದು. ಅಂದರೆ ಈಗಲೂ ಎಲ್ಲವೂ ಒಳಗೇ ಇದೆ.

ಈ ಸಂಪರ್ಕ ಯಾರೂ ಕೂರದೆ ತಾನಾಗಿ ಏಳಬೇಕಾದ್ದರಿಂದ ಪಾಸ್‌ಫ್ರೇಸ್ ಇಲ್ಲದ ಕೀಲಿ ಬೇಕಾಗುತ್ತದೆ. ಅಂಥ ಕೀಲಿ ಕಳವಾದರೂ ಹಾನಿ ಕಡಿಮೆಯಿರಲೆಂದು, ಬಾಡಿಗೆ ಸರ್ವರಿನಲ್ಲಿ ಸುರಂಗಕ್ಕೆಂದೇ ಶೆಲ್ ಇಲ್ಲದ ಬಳಕೆದಾರನನ್ನು ಸೃಷ್ಟಿಸಿ, ಅನುಮತಿಸಿದ ಕೀಲಿಗಳ ಕಡತದಲ್ಲಿ ಆ ಕೀಲಿಯ ಮುಂದೆ ರಿಸ್ಟ್ರಿಕ್ಟ್ ಮತ್ತು ಪೋರ್ಟ್ ಡ್ಯಾಶ್ ಫಾರ್ವರ್ಡಿಂಗ್ ಎಂಬ ಎರಡು ಮಾತುಗಳನ್ನು ನಡುವೆ ಅಲ್ಪವಿರಾಮವಿಟ್ಟು ಸೇರಿಸಬೇಕು. ಸೇವೆಯಾಗಿ ಓಡಿಸುವ ಮೊದಲು ಅದೇ ಬಳಕೆದಾರನಾಗಿ ಒಮ್ಮೆ ಕೈಯಾರೆ ಸಂಪರ್ಕಿಸಿ, ಎದುರು ಸರ್ವರಿನ ಗುರುತಿಗೆ ‘ಯೆಸ್’ ಎಂದಿರಲೂ ಬೇಕು. ಇಲ್ಲವಾದರೆ ಉತ್ತರಿಸಲು ಯಾರೂ ಇಲ್ಲದ ಪ್ರಶ್ನೆಗೆ ಸಿಕ್ಕಿ ಸೇವೆ ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ.

ಸಿಸ್ಟಮ್‌ಡಿ ಸೇವೆಯ ಕಡತ ಬರೆಯುವಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ರೀಸ್ಟಾರ್ಟ್ ಆಲ್ವೇಸ್ ಎಂದು (ಮೊದಲ ಆರ್ ದೊಡ್ಡಕ್ಷರ) ಬರೆದು, ಇನ್ನು ಚಿಂತೆಯಿಲ್ಲ ಎಂದು ಕುಳಿತಿದ್ದೆ. ಆಟಿಯ ಮಳೆಯಲ್ಲಿ ಒಂದು ಸಂಜೆ ಕರೆಂಟು ಹೋಗಿ ರಾತ್ರಿ ಬಂತು, ಮರುದಿನ ಬೆಳಿಗ್ಗೆ ಗ್ರಂಥಾಲಯದ ಹುಡುಗ ಫೋನ್ ಮಾಡಿ, “ಅಣ್ಣಾ, ಕರೆಂಟು ಉಂಟು, ಕಂಪ್ಯೂಟರೂ ಆನ್ ಉಂಟು, ನಿಮಗೆ ಯಾಕೆ ಕಾಣುವುದಿಲ್ಲ?” ಎಂದು ಕೇಳಿದ. ವಾರಾಂತ್ಯದಲ್ಲಿ ಹೋಗಿ ಲಾಗ್ ತೆರೆದಾಗ ಕಾರಣ ಕಂಡಿತು. ಕಂಪ್ಯೂಟರ್ ಎದ್ದು ನಿಂತಾಗ ಫೈಬರ್ ಮೋಡೆಮ್ ಇನ್ನೂ ಕಣ್ಣುಜ್ಜುತ್ತಿತ್ತು. ಹೆಸರಿಗೆ ವಿಳಾಸ ಸಿಗದೆ ಎಸ್‌ಎಸ್‌ಎಚ್ ತಕ್ಷಣ ಸೋತಿತು. ಸಿಸ್ಟಮ್‌ಡಿಯಾದರೋ, ಬೇರೆ ಹೇಳದಿದ್ದರೆ, ಸೆಕೆಂಡಿನ ಹತ್ತನೇ ಒಂದು ಭಾಗ ಕಾದು ಮತ್ತೆ ಎಬ್ಬಿಸುತ್ತದೆ, ಮತ್ತು 10 ಸೆಕೆಂಡುಗಳೊಳಗೆ 5 ಸಲ ಎಬ್ಬಿಸಿಯೂ ಬೀಳುವ ಸೇವೆಯನ್ನು ಕೈಬಿಡುತ್ತದೆ. ಐದೂ ಸಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದಿದ್ದವು. ರೀಸ್ಟಾರ್ಟ್ ಸೆಕ್ ಎಂಬ (ಒಂದೇ ಪದವಾಗಿ, ಮೊದಲ ಆರ್ ಮತ್ತು ಸೆಕ್‌ನ ಎಸ್ ದೊಡ್ಡಕ್ಷರ) ಸಾಲಿಗೆ 10 ಎಂದು ಕೊಟ್ಟರೆ ಆ ಮಿತಿ ತಟ್ಟುವುದೇ ಇಲ್ಲ, ಮೋಡೆಮ್ ಎಷ್ಟು ಹೊತ್ತಿಗೆ ಎದ್ದರೂ ಸುರಂಗ ತೆರೆದುಕೊಳ್ಳುತ್ತದೆ.

ಅದೇ ದಿನ ಇನ್ನೂ ಮೂರು ಸಂಗತಿ ಸರಿಪಡಿಸಿದೆ. ಎಸ್‌ಎಸ್‌ಎಚ್ ಆಜ್ಞೆಗೆ ಸರ್ವರ್ ಅಲೈವ್ ಇಂಟರ್ವಲ್ 30 ಮತ್ತು ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಯೆಸ್ ಎಂಬ ಆಯ್ಕೆಗಳನ್ನು ಸೇರಿಸಿದೆ. ಮೊದಲನೆಯದು ಸತ್ತ ಸಂಪರ್ಕವನ್ನು ಗುರುತಿಸುತ್ತದೆ, ಎರಡನೆಯದು ಪೋರ್ಟ್ ಸಿಗದಿದ್ದರೆ ಸುಮ್ಮನೆ ನೇತಾಡದೆ ಹೊರಬೀಳುವಂತೆ ಮಾಡುತ್ತದೆ. ಬಾಡಿಗೆ ಸರ್ವರಿನ ಎಸ್‌ಎಸ್‌ಎಚ್‌ಡಿ ಸಂಯೋಜನೆಯಲ್ಲಿ ಕ್ಲೈಂಟ್ ಅಲೈವ್ ಇಂಟರ್ವಲ್ 30, ಕೌಂಟ್ ಮ್ಯಾಕ್ಸ್ 3 ಎಂದು ಬರೆದೆ. ಕರೆಂಟು ಹೋಗಿ ಹಠಾತ್ತನೆ ಕಡಿದುಹೋದ ಹಳೆಯ ಸಂಪರ್ಕ 7681ನ್ನು ಹಿಡಿದುಕೊಂಡೇ ಕೂರದೆ, ಸುಮಾರು 90 ಸೆಕೆಂಡುಗಳಲ್ಲಿ ಅದನ್ನು ಬಿಟ್ಟುಕೊಡಲು ಇದು ಬೇಕು. ಮೂರನೆಯದಾಗಿ ಬಯೋಸ್‌ನಲ್ಲಿ, ಕರೆಂಟು ಮರಳಿದಾಗ ಯಂತ್ರ ತಾನೇ ಆನ್ ಆಗುವ ಆಯ್ಕೆ ನಿಜಕ್ಕೂ ಉಳಿದಿದೆಯೇ ಎಂದು ನೋಡಿ, ಆ ಆಯ್ಕೆಗಳನ್ನೂ ಗಡಿಯಾರವನ್ನೂ ಕಾಯುವ, ದಣಿದಿದ್ದ ಸಿಆರ್ 2032 ಬ್ಯಾಟರಿಯನ್ನು ಬದಲಿಸಿದೆ.

ಎಸ್‌ಎಸ್‌ಎಚ್ ಸುರಂಗವೇ ಆಗಬೇಕೆಂದಿಲ್ಲ. ಟೇಲ್‌ಸ್ಕೇಲ್ ಅಥವಾ ಕ್ಲೌಡ್‌ಫ್ಲೇರ್ ಟನೆಲ್ ಎಂಬ ಸಿದ್ಧ ಸೇವೆಗಳನ್ನು ಬಳಸಿದರೆ ಈ ಹಂತದ ಶ್ರಮ ಬಹಳ ಕಡಿಮೆಯಾಗುತ್ತದೆ. ಆದರೆ ಟೇಲ್‌ಸ್ಕೇಲನ್ನು ಸಾಮಾನ್ಯವಾಗಿ ಕೈಯಲ್ಲಿರುವ ಉಪಕರಣದಲ್ಲಿಯೂ ಹಾಕಬೇಕಾಗುತ್ತದೆ, ಕ್ಲೌಡ್‌ಫ್ಲೇರಿನಲ್ಲಿ ಹಾದಿಯ ನಡುವೆ ಇನ್ನೊಬ್ಬರು ಕುಳಿತಿರುತ್ತಾರೆ. ನನಗೆ ಎರಡೂ ಬೇಡವೆನಿಸಿತು.

ಮೂರನೆಯ ಹಂತ: ಬೀಗ, ಆಮೇಲೆ ಬಾಗಿಲು

ಹೊರಬಾಗಿಲಿನಲ್ಲಿ ನಿಲ್ಲುವ ಕಾವಲುಗಾರನಾಗಿ ಬಾಡಿಗೆ ಸರ್ವರಿನಲ್ಲಿ ಕ್ಯಾಡಿ ಎಂಬ ವೆಬ್ ಸರ್ವರನ್ನು ಹಾಕಿದ್ದೇನೆ. ಅದು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಯಿಂದ ಪ್ರಮಾಣಪತ್ರವನ್ನು ತಾನೇ ತರುತ್ತದೆ, ಅವಧಿ ಮುಗಿಯುವ ಮೊದಲು ತಾನೇ ನವೀಕರಿಸುತ್ತದೆ, ವೆಬ್‌ಸಾಕೆಟನ್ನು ಬೇರೆ ಹೇಳಿಸಿಕೊಳ್ಳದೆ ಒಳಕ್ಕೆ ಬಿಡುತ್ತದೆ. ಮೊದಲು ಡೊಮೈನಿನ ಒಂದು ಉಪಹೆಸರನ್ನು ಬಾಡಿಗೆ ಸರ್ವರಿನ ವಿಳಾಸಕ್ಕೆ ತೋರಿಸಬೇಕು.

ಆ ಉಪಹೆಸರನ್ನು ಯಾರೂ ಊಹಿಸಲಾರರು ಎಂಬ ಧೈರ್ಯ ಬೇಡ. ಪ್ರಮಾಣಪತ್ರ ಕೊಟ್ಟ ಕೂಡಲೇ ಅದರಲ್ಲಿರುವ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ, ಅದನ್ನೇ ಕಾಯುತ್ತಿರುವ ಸ್ವಯಂಚಾಲಿತ ಯಂತ್ರಗಳು ಬೇಗನೆ ಬಂದು ಬಾಗಿಲು ತಟ್ಟುತ್ತವೆ. ಹಾಗಾಗಿ ಕ್ಯಾಡಿಯ ಕಡತದಲ್ಲಿ ಈ ಹೆಸರನ್ನು ಬರೆದು ಮರುಲೋಡ್ ಮಾಡುವ ಹೊತ್ತಿಗೆ ಬೀಗವೂ ಅದೇ ಕಡತದಲ್ಲಿ ಇರಬೇಕು. ‘ಕ್ಯಾಡಿ ಹ್ಯಾಶ್ ಡ್ಯಾಶ್ ಪಾಸ್‌ವರ್ಡ್’ ಎಂಬ ಆಜ್ಞೆಯಿಂದ ಪಾಸ್‌ವರ್ಡಿನ ಗೂಢರೂಪ ಪಡೆದು, ಕ್ಯಾಡಿಫೈಲ್ (ಮೊದಲಕ್ಷರ ದೊಡ್ಡದು) ಎಂಬ ಆ ಕಡತದಲ್ಲಿ ಉಪಹೆಸರಿನ ಮುಂದೆ ಪುಷ್ಪಾವರಣ ತೆರೆದು, ಒಳಗೆ ಬೇಸಿಕ್ ಅಂಡರ್‌ಸ್ಕೋರ್ ಆಥ್ ಎಂಬ ಭಾಗದಲ್ಲಿ ಬಳಕೆದಾರನ ಹೆಸರು ಮತ್ತು ಆ ಗೂಢರೂಪವನ್ನು ಬರೆದು, ಅದರ ಕೆಳಗೆ ರಿವರ್ಸ್ ಅಂಡರ್‌ಸ್ಕೋರ್ ಪ್ರಾಕ್ಸಿ 127.0.0.1:7681 ಎಂದು ಬರೆದರೆ ಕೆಲಸ ಮುಗಿಯಿತು. ಕ್ಯಾಡಿ 2.8ಕ್ಕಿಂತ ಹಳೆಯದಾದರೆ ಬೇಸಿಕ್ ಮತ್ತು ಆಥ್ ನಡುವೆ ಅಂಡರ್‌ಸ್ಕೋರ್ ಇರಬಾರದು. ಫೈರ್‌ವಾಲ್‌ನಲ್ಲಿ 22, 80, 443 ಮಾತ್ರ ತೆರೆದಿರಲಿ. 7681ಕ್ಕೆ ಅಲ್ಲಿ ಸ್ಥಾನವಿಲ್ಲ.

ಕ್ಯಾಡಿಯ ಬದಲು ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಳಸುವವರು ಮೂರು ವಿಷಯಗಳನ್ನು ತಾವೇ ಬರೆಯಬೇಕಾಗುತ್ತದೆ. ಒಳಗಿನ ಸಂಪರ್ಕಕ್ಕೆ ಎಚ್‌ಟಿಟಿಪಿ 1.1 ಎಂದು ಹೇಳಿ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಎಂಬ ಶಿರೋಲೇಖಗಳನ್ನು (ಕೋರಿಕೆಯ ತಲೆಸಾಲುಗಳನ್ನು) ದಾಟಿಸಬೇಕು. ಸುಮ್ಮನಿರುವ ಸಂಪರ್ಕವನ್ನು 60 ಸೆಕೆಂಡುಗಳಲ್ಲಿ ಕಡಿಯುವ ಓದುಸಮಯದ ಮಿತಿಯನ್ನು ಹಿಗ್ಗಿಸಬೇಕು. ಹೋಸ್ಟ್ ಶಿರೋಲೇಖವನ್ನು ಮೂಲ ಹೆಸರಿನಲ್ಲಿಯೇ ಒಳಗೆ ಕಳುಹಿಸಬೇಕು. ಇದನ್ನು ಮರೆತರೆ, ಮೊದಲ ಹಂತದಲ್ಲಿ ಹಾಕಿದ ದೊಡ್ಡ ಓ ನಿಮ್ಮನ್ನೇ ಪರಕೀಯರೆಂದು ತಿಳಿದು ಹೊರಗಟ್ಟುತ್ತದೆ.

ಕ್ಯಾಡಿಯದೊಂದು, ಲಾಗಿನ್ನಿನದೊಂದು ಎಂದು ಪಾಸ್‌ವರ್ಡ್ ಎರಡಾದರೂ ಕದಿಯುವವನು ಎರಡನ್ನೂ ಒಂದೇ ಸಲ ಕದಿಯಬಲ್ಲ. ಅದಕ್ಕಾಗಿ ಗ್ರಂಥಾಲಯದ ಯಂತ್ರದಲ್ಲಿ ಗೂಗಲ್ ಅಥೆಂಟಿಕೇಟರಿನ, ಲಾಗಿನ್ ತಪಾಸಣೆಗೆ ಸೇರುವ, ಪ್ಯಾಮ್ ಘಟಕವನ್ನು ಹಾಕಿ, ನನ್ನ ಖಾತೆಯಲ್ಲಿ ಅದರ ಆಜ್ಞೆ ಓಡಿಸಿ ಮೊಬೈಲಿಗೆ ಸೇರಿಸಿಕೊಂಡು, ಪ್ಯಾಮ್‌ನ ಲಾಗಿನ್ ಕಡತದಲ್ಲಿ ಅದು ಕಡ್ಡಾಯವೆಂಬ ಸಾಲು ಬರೆದಿದ್ದೇನೆ. ಈ ಕಡತವನ್ನು ತಿದ್ದುವಾಗ ಈಗಾಗಲೇ ಒಳಗಿರುವ ಇನ್ನೊಂದು ಸೆಷನ್ ತೆರೆದೇ ಇರಲಿ. ಒಂದು ಅಕ್ಷರ ತಪ್ಪಿದರೂ ನೀವೇ ಹೊರಗುಳಿಯುತ್ತೀರಿ. ಮೊಬೈಲಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಅಂಕೆಗಳು ಗಡಿಯಾರವನ್ನೇ ನಂಬಿರುವುದರಿಂದ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಲ್ಲಿ ಸಮಯ ಹೊಂದಾಣಿಕೆ ಚಾಲ್ತಿಯಲ್ಲಿದೆಯೇ ಎಂದೂ ನೋಡಬೇಕು. ಹಾಗಿದ್ದರೂ ಸೈಬರ್ ಕೆಫೆಯಲ್ಲಾಗಲಿ ಅಪರಿಚಿತರ ಕಂಪ್ಯೂಟರಿನಲ್ಲಾಗಲಿ ಇದನ್ನು ತೆರೆಯಬೇಡಿ: ಒಳಹೊಕ್ಕ ಸೆಷನನ್ನೇ ಕದಿಯುವವರಿಗೆ ಯಾವ ಅಂಕೆಯೂ ಅಡ್ಡಿಯಲ್ಲ. ಕೆಲಸದ ಸ್ಥಳದ ಜಾಲವಾದರೆ ಅಲ್ಲಿಯವರ ಒಪ್ಪಿಗೆ ಪಡೆದಿರಿ.

ಬಳಸುವಾಗ

ಒಳಹೋದ ಕೂಡಲೇ ನಾನು ಕೊಡುವ ಮೊದಲ ಆಜ್ಞೆ ‘ಟಿಮಕ್ಸ್ ನ್ಯೂ ಡ್ಯಾಶ್ ದೊಡ್ಡ ಎ ಡ್ಯಾಶ್ ಎಸ್ ಕೆಲಸ’. ಸಂಪರ್ಕ ಕಡಿದರೂ ಸೆಷನನ್ನು ಸರ್ವರಿನಲ್ಲಿ ಉಳಿಸಿಕೊಳ್ಳುವ ಪ್ರೋಗ್ರಾಮ್ ಟಿಮಕ್ಸ್, ಕೆಲಸ ಎಂಬುದು ಸೆಷನ್ನಿಗೆ ನಾನಿಟ್ಟ ಹೆಸರು. ಅದು ಮೊದಲೇ ಇದ್ದರೆ ಅದಕ್ಕೇ ಸೇರಿಸುತ್ತದೆ, ಇಲ್ಲದಿದ್ದರೆ ಹೊಸದನ್ನು ತೆರೆಯುತ್ತದೆ. ಮೊಬೈಲ್ ಸಿಗ್ನಲ್ ಹೋಗಿ ಸಂಪರ್ಕ ಕಡಿದರೂ ಬ್ಯಾಕಪ್ ಅರ್ಧದಲ್ಲಿ ನಿಲ್ಲದಿರುವುದು ಇದರಿಂದಲೇ.

ಶೆಲ್‌ನಲ್ಲಿ ಹಿಂದಿನ ಪದವನ್ನು ಅಳಿಸಲು ಕಂಟ್ರೋಲ್ ಡಬ್ಲ್ಯೂ ಒತ್ತುವ ಅಭ್ಯಾಸವಿದ್ದವರಿಗೆ ಬ್ರೌಸರಿನಲ್ಲಿ ಆಘಾತ ಕಾದಿದೆ, ಏಕೆಂದರೆ ಬ್ರೌಸರಿಗೆ ಅದರ ಅರ್ಥ ಟ್ಯಾಬನ್ನು ಮುಚ್ಚು ಎಂದು. ಈಗ ನನ್ನ ಬೆರಳು ಆಲ್ಟ್ ಬ್ಯಾಕ್‌ಸ್ಪೇಸಿಗೆ ಒಗ್ಗಿದೆ. ಅಂಟಿಸಲು ಕಂಟ್ರೋಲ್ ಶಿಫ್ಟ್ ವಿ ಸಾಕು. ಮೊಬೈಲಿನ ಸಾಮಾನ್ಯ ಕೀಲಿಮಣೆಯಲ್ಲಿ ಕಂಟ್ರೋಲ್, ಟ್ಯಾಬ್, ಎಸ್ಕೇಪ್ ಇರುವುದಿಲ್ಲವಾದ್ದರಿಂದ ಅವುಗಳಿರುವ ಬೇರೊಂದು ಕೀಲಿಮಣೆ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದು.

ಕನ್ನಡ ಹೆಸರಿನ ಕಡತಗಳಿದ್ದರೆ ಇನ್ನೊಂದು ತಾಪತ್ರಯ. ಟರ್ಮಿನಲ್ ಪ್ರತಿ ಅಕ್ಷರವನ್ನೂ ಸಮ ಅಗಲದ ಚೌಕದಲ್ಲಿ ಕೂರಿಸುವ ಪದ್ಧತಿಯದು, ನಮ್ಮ ಒತ್ತಕ್ಷರಗಳು ಆ ಚೌಕಕ್ಕೆ ಬಗ್ಗುವುದಿಲ್ಲ. ‘ಯಕ್ಷಗಾನ’ ಎಂಬ ಕಡತಕೋಶದ ಹೆಸರು ಪರದೆಯಲ್ಲಿ ಬಿಡಿಬಿಡಿಯಾಗಿ, ಕರ್ಸರ್ ಎಲ್ಲೋ ಅಕ್ಷರವೆಲ್ಲೋ ಎಂಬಂತೆ ಕಾಣುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ, ಟ್ಯಾಬ್ ಒತ್ತಿದರೆ ಹೆಸರು ಸರಿಯಾಗಿಯೇ ಪೂರ್ಣವಾಗುತ್ತದೆ. ಆದರೂ ಆಜ್ಞಾಸಾಲಿನಲ್ಲಿ ಮುಟ್ಟಬೇಕಾದ ಕಡತಗಳಿಗೆ ನಾನು ಇಂಗ್ಲಿಷ್ ಅಕ್ಷರದ ಹೆಸರನ್ನೇ ಇಟ್ಟಿದ್ದೇನೆ.

ಕೆಟ್ಟಾಗ ಎಲ್ಲಿ ನೋಡಬೇಕೆಂಬುದನ್ನು ಪರದೆಯೇ ಹೇಳುತ್ತದೆ. 502 ಎಂದು ಬಂದರೆ ಕ್ಯಾಡಿ ಎದ್ದಿದೆ, ಅದರ ಹಿಂದಿನದು ಬಿದ್ದಿದೆ. ಬಾಡಿಗೆ ಸರ್ವರಿಗೆ ಹೋಗಿ 7681ರಲ್ಲಿ ಯಾರಾದರೂ ಕಿವಿಗೊಟ್ಟಿದ್ದಾರೆಯೇ ಎಂದು ನೋಡಿರಿ. ಇಲ್ಲವಾದರೆ ಸುರಂಗ ಮುಚ್ಚಿದೆ, ಇದ್ದರೆ ತಪ್ಪು ಟಿಟಿವೈಡಿಯದು. ಪುಟ ಬಂದು ಕಪ್ಪು ಪರದೆ ಮೂಡಿ, ಮರುಸಂಪರ್ಕಕ್ಕೆ ಎಂಟರ್ ಒತ್ತಿರಿ ಎಂಬ ಸೂಚನೆ ಮತ್ತೆ ಮತ್ತೆ ಬಂದರೆ ಪುಟ ದಾಟಿದೆ, ವೆಬ್‌ಸಾಕೆಟ್ ದಾಟಿಲ್ಲ. ಶಿರೋಲೇಖಗಳನ್ನೂ ದೊಡ್ಡ ಓ ಆಯ್ಕೆಯನ್ನೂ ಪರೀಕ್ಷಿಸಿರಿ. ಪುಟವೇ ಬಾರದೆ ಬ್ರೌಸರು ಬಹಳ ಹೊತ್ತು ಸುತ್ತುತ್ತಿದ್ದರೆ ಬಾಡಿಗೆ ಸರ್ವರಿನ ಫೈರ್‌ವಾಲನ್ನು ನೋಡಿರಿ. ಎಲ್ಲ ಸರಿಯಿದ್ದು ಮೊಬೈಲಿನ ಆರು ಅಂಕೆಗಳನ್ನು ಮಾತ್ರ ಲಾಗಿನ್ ಒಪ್ಪದಿದ್ದರೆ, ಗ್ರಂಥಾಲಯದ ಹುಡುಗನಿಗೆ ಫೋನ್ ಮಾಡಿ ಕಂಪ್ಯೂಟರಿನ ಪರದೆಯಲ್ಲಿ ಈಗ ಎಷ್ಟು ಗಂಟೆ ತೋರಿಸುತ್ತಿದೆ ಎಂದು ಕೇಳುತ್ತೇನೆ.